ಮಳೆ ಸೀಮೆಯಲ್ಲಿ ಮರದ ಚೌಕಟ್ಟಿನ ಮನೆ: ಗೋಡೆಯ ಪದರಗಳ ಬಗ್ಗೆ ಸಲಹೆ ಬೇಕು

ಹೆಬ್ರಿಯ ಮನೆ

ಎಲ್ಲರಿಗೂ ನಮಸ್ಕಾರ. ಆಗುಂಬೆ ಘಾಟಿಯ ಬುಡದಲ್ಲಿರುವ ಹೆಬ್ರಿಯ ಹತ್ತಿರ, ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಸುಮಾರು 1,400 ಚದರ ಅಡಿಯ ಮನೆಯೊಂದನ್ನು ಕಟ್ಟಬೇಕೆಂದಿದ್ದೇವೆ. ಘಟ್ಟದ ಮೇಲೆ ಮಾವನವರ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳು ಕಟಾವಿಗೆ ಬಂದಿವೆ. ನಮ್ಮಲ್ಲೇ ಗಾಳಿಗೆ ಬಿದ್ದ ಎರಡು ದೊಡ್ಡ ಹಲಸಿನ ಮರಗಳನ್ನು ಕೊಯ್ಯಿಸಿ, ಎರಡು ವರ್ಷದಿಂದ ಕೊಟ್ಟಿಗೆಯ ಅಟ್ಟದಲ್ಲಿ ಒಣಗಲು ಹಾಕಿದ್ದೇವೆ. ಹೀಗಿರುವಾಗ ಕಂಬ, ತೊಲೆ, ಗೋಡೆ ಎಲ್ಲವನ್ನೂ ಕಾಂಕ್ರೀಟಿನಲ್ಲಿ ಸುರಿಯುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ವಿದೇಶಿ ನಕ್ಷೆಗಳನ್ನು ನೋಡಿ ಗೋಡೆಯನ್ನು ಹೀಗೆ ಯೋಚಿಸಿದ್ದೇನೆ: ಹೊರಗಡೆ ಸಿಮೆಂಟ್ ಬೋರ್ಡನ್ನು ನೇರವಾಗಿ ಮರದ ಚೌಕಟ್ಟಿಗೆ ಹೊಡೆಯುವುದು, ನಡುವೆ ನಾಲ್ಕು ಇಂಚಿನ ಗಾಜಿನ ಉಣ್ಣೆ ತುಂಬುವುದು, ಅದರ ಒಳಮುಖಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಕೊನೆಗೆ ಪ್ಲೈವುಡ್. ಛಾವಣಿಗೆ ಮಂಗಳೂರು ಹೆಂಚು. ಏಪ್ರಿಲ್ ಮತ್ತು ಮೇ ತಿಂಗಳ ಸೆಕೆ ಅಮ್ಮನಿಗೆ ತಡೆಯುವುದಿಲ್ಲವಾದ್ದರಿಂದ ಒಂದು ಕೋಣೆಗೆ ಮಾತ್ರ ಏಸಿ ಹಾಕಿಸಬೇಕು. ಉಳಿದ ಮನೆಗೆ ಫ್ಯಾನ್ ಸಾಕು. ವಿದ್ಯುತ್ತು ಕಡಿಮೆ ಖರ್ಚಾಗಬೇಕು, ಮರ ನಮ್ಮ ಮಕ್ಕಳ ಕಾಲಕ್ಕೂ ಉಳಿಯಬೇಕು. ಈ ಪದರಗಳು ಸರಿಯಾಗಿವೆಯೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಬೆಂಗಳೂರಿನ ಸ್ಟ್ರಕ್ಚರಲ್ ಇಂಜಿನಿಯರ್

ನಿಮ್ಮ ಗೋಡೆಗಿಂತ ಮೊದಲು ಛಾವಣಿಯ ಮಾತನಾಡಬೇಕು, ಏಕೆಂದರೆ ಸೆಕೆ ಬರುವುದು ಮುಖ್ಯವಾಗಿ ಅಲ್ಲಿಂದಲೇ. ನಿಮ್ಮ ಊರಿನಲ್ಲಿ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗೋಡೆಗಳಿಗೆ ಓರೆಯಾಗಿ ಬೀಳುವ ಬಿಸಿಲನ್ನು ಸೂರು ತಡೆದೀತು, ಹೆಂಚಿನ ಮೇಲೆ ಬೀಳುವುದನ್ನು ತಡೆಯುವವರಿಲ್ಲ. ಬರಿಯ ಹೆಂಚಿನ ಛಾವಣಿಯಾಗಲಿ, ಬರಿಯ ಕಾಂಕ್ರೀಟ್ ಸ್ಲ್ಯಾಬ್ ಆಗಲಿ, ಅದರ ಯು-ಮೌಲ್ಯ (ಎಷ್ಟು ಶಾಖ ದಾಟಿ ಹೋಗುತ್ತದೆ ಎಂಬ ಅಳತೆ) ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ವ್ಯಾಟ್‌ನಷ್ಟಿರುತ್ತದೆ. ಅಂದರೆ ಹೊರಗಿನ ಶಾಖವನ್ನು ಅದು ಹೆಚ್ಚು ಕಡಿಮೆ ಹಾಗೆಯೇ ಒಳಗೆ ಬಿಡುತ್ತದೆ. ಕೇಂದ್ರ ಸರ್ಕಾರದ ಇಕೋ ನಿವಾಸ ಸಂಹಿತೆ, 2018ರ ಪ್ರಕಾರ ಛಾವಣಿಯ ಈ ಮೌಲ್ಯ 1.2ನ್ನು ಮೀರಬಾರದು. ಆ ಸಂಹಿತೆ ನಿಮ್ಮ ಮನೆಗೆ ಅನ್ವಯಿಸಲಿ ಬಿಡಲಿ, ಅಳತೆಗೋಲಾಗಿ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಹೆಂಚು, ಅದರ ಕೆಳಗೆ ರೀಪಿನ ಎತ್ತರದಷ್ಟು ಗಾಳಿ ಆಡುವ ಜಾಗ, ಆಮೇಲೆ 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲಿನ ಉಣ್ಣೆ), ಅದರ ಕೆಳಗೆ ಅರ್ಧ ಇಂಚಿನ ಮರದ ಹಲಗೆಯ ಮುಚ್ಚಿಗೆ: ಇಷ್ಟು ಮಾಡಿದರೆ ಯು-ಮೌಲ್ಯ 0.6ರ ಆಸುಪಾಸಿಗೆ ಇಳಿಯುತ್ತದೆ. ಹೆಂಚಿನ ಕೆಳಗಿನ ಗಾಳಿ ಸೂರಿನಿಂದ ಒಳಬಂದು ಛಾವಣಿಯ ನೆತ್ತಿಯ ಕುಂಬಿಯಲ್ಲಿ ಹೊರಹೋಗುವಂತೆ ದಾರಿ ಬಿಡಬೇಕು, ಇಲ್ಲವಾದರೆ ಅರ್ಧ ಪ್ರಯೋಜನ ಹೋದಂತೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಲಗೆಯ ಮುಚ್ಚಿಗೆಯ ಮೇಲೆ ಮಣ್ಣು ಹಾಸುತ್ತಿದ್ದುದನ್ನು ನೀವು ನೋಡಿರಬಹುದು. ಶಾಖಕ್ಕೂ ಬೆಂಕಿಗೂ ಅದು ತಡೆಯಾಗಿತ್ತು. ಆದರೆ ಆ ತೂಕವನ್ನು ಹೊರಲು ಬೇಕಾದ ತೊಲೆಗಳನ್ನು ಇಂದು ಯಾರೂ ಕೊಳ್ಳಲಾರರು.

ಇನ್ನು ಚೌಕಟ್ಟು. ಮರದ ರಚನೆಯ ವಿನ್ಯಾಸಕ್ಕೆ ಭಾರತೀಯ ಮಾನಕ ಐಎಸ್ 883 ಇದೆ, ಸಂರಕ್ಷಣೆಗೆ ಐಎಸ್ 401 ಇದೆ. ಹೀಗಿದ್ದೂ ಇವನ್ನು ಬಳಸಿ ನಕ್ಷೆ ಮಾಡಿಕೊಡುವ ಇಂಜಿನಿಯರುಗಳು ಕಡಿಮೆ ಎಂಬುದು ನಮ್ಮ ವೃತ್ತಿಯ ಕೊರತೆಯೇ ಹೊರತು ಮರದ ಕೊರತೆಯಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯೇ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿ, 2020ರಲ್ಲಿ ಆ ನಿಷೇಧವನ್ನು ತೆಗೆಯಿತು. ನಡುವಿನ ಆ ವರ್ಷಗಳಲ್ಲಿ ಒಂದು ತಲೆಮಾರಿನ ಇಂಜಿನಿಯರುಗಳು ಮರದ ಲೆಕ್ಕವನ್ನೇ ಮರೆತರು. ಕಂಬ ಮತ್ತು ತೊಲೆ ಸೇರುವ ಕಡೆಗಳಲ್ಲಿ ಓರೆಯ ಆಸರೆಗಳನ್ನು ಬಿಡಲೇಬೇಡಿ. ಚೌಕ ಆಕೃತಿ ಗಾಳಿಗೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ.

ವ್ಯಾಂಕೂವರ್ ಕನ್ನಡಿಗ

ದಯವಿಟ್ಟು ಆ ಪ್ಲಾಸ್ಟಿಕ್ ಹಾಳೆಯನ್ನು ಹಾಕಬೇಡಿ. ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ.

ನಾನು ಇರುವುದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ. ಇಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳು ಕೂಡ ಮರದ ಚೌಕಟ್ಟಿನವೇ. 1980 ಮತ್ತು 90ರ ದಶಕಗಳಲ್ಲಿ ಈ ಪ್ರಾಂತ್ಯದಲ್ಲಿ ಕ್ಯಾಲಿಫೋರ್ನಿಯಾದ ಮಾದರಿಯನ್ನು ಅನುಸರಿಸಿ, ಸೂರೇ ಇಲ್ಲದ, ಹೊರಗೆ ಗಾರೆ ಬಳಿದ ಕಟ್ಟಡಗಳನ್ನು ಸಾಲುಸಾಲಾಗಿ ಕಟ್ಟಿದರು. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಮಳೆ ಅಪರೂಪ. ಇಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ ಜಿನುಗುವುದು ನಿಲ್ಲುವುದೇ ಇಲ್ಲ. ಕಿಟಕಿಯ ಮೂಲೆಯಲ್ಲಿ, ಬಾಲ್ಕನಿಯ ಸಂದಿಯಲ್ಲಿ ಒಳಹೊಕ್ಕ ನೀರಿಗೆ ಹೊರಗಿನ ಗಾರೆ ದಾರಿ ಬಿಡಲಿಲ್ಲ, ಒಳಗಿನ ಪ್ಲಾಸ್ಟಿಕ್ ಹಾಳೆಯೂ ದಾರಿ ಬಿಡಲಿಲ್ಲ. ನಡುವೆ ಸಿಕ್ಕಿಕೊಂಡ ಮರ ಕೊಳೆಯಿತು. ಸಾವಿರಾರು ಕುಟುಂಬಗಳು ಸಾಲ ಮಾಡಿ ಕೊಂಡ ಮನೆಗೆ ಮತ್ತೆ ಸಾಲ ಮಾಡಿ ಗೋಡೆ ಬದಲಿಸಬೇಕಾಯಿತು. 1998ರಲ್ಲಿ ಪ್ರಾಂತ್ಯದ ಮಾಜಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಡೇವ್ ಬ್ಯಾರೆಟ್ ಅವರ ನೇತೃತ್ವದಲ್ಲಿ ಇದಕ್ಕಾಗಿಯೇ ವಿಚಾರಣಾ ಆಯೋಗ ನೇಮಕವಾಯಿತು.

ನಾನು ಬಾಡಿಗೆಗಿದ್ದ ಕಟ್ಟಡಕ್ಕೂ ಒಂದು ವರ್ಷ ಟಾರ್ಪಾಲಿನ ಹೊದಿಕೆ ಬಿದ್ದಿತ್ತು. ಕೆಲಸದವರು ನನ್ನ ಮಲಗುವ ಕೋಣೆಯ ಕಿಟಕಿಯ ಕೆಳಗಿನ ಗಾರೆಯನ್ನು ಕಿತ್ತ ದಿನ ನಾನು ಹತ್ತಿರ ನಿಂತು ನೋಡಿದೆ. ಅಲ್ಲಿದ್ದ ಕಟ್ಟಿಗೆ ನೋಡಲು ಆಕಾರ ಕಳೆದುಕೊಂಡಿರಲಿಲ್ಲ. ಕೆಲಸದವನೊಬ್ಬ ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು, ಹೊರಗೆಳೆದಾಗ ಕಾಫಿ ಚರಟದಂತಹ ಒದ್ದೆ ಪುಡಿ ಅಂಟಿಕೊಂಡು ಬಂತು. ಒಳಗಿನ ಬಣ್ಣದ ಗೋಡೆಯಲ್ಲಿ ಅದರ ಒಂದು ಕಲೆಯೂ ಇರಲಿಲ್ಲ.

ಒಳಮುಖದ ಪ್ಲಾಸ್ಟಿಕ್ ಹಾಳೆ ಹಿಮದ ಊರುಗಳಿಗಾಗಿ ಬಂದದ್ದು. ಅಲ್ಲಿ ಮನೆಯೊಳಗಿನ ಬೆಚ್ಚಗಿನ ಆವಿ ಹೊರಗಿನ ಚಳಿಯ ಕಡೆಗೆ ಹೋಗುತ್ತದೆ, ಆದ್ದರಿಂದ ಬೆಚ್ಚಗಿನ ಬದಿಯಲ್ಲಿ ತಡೆಯುತ್ತಾರೆ. ನಿಮ್ಮಲ್ಲಿ ಬೆಚ್ಚಗಿನ, ಒದ್ದೆಯಾದ ಬದಿ ಹೊರಗಿದೆ. ಮೇ ತಿಂಗಳಲ್ಲಿ ಹೊರಗಿನ ಗಾಳಿ 30 ಡಿಗ್ರಿ, ತೇವಾಂಶ ಶೇ 75 ಇದ್ದರೆ ಇಬ್ಬನಿ ಕಟ್ಟುವ ಬಿಂದು ಸುಮಾರು 25 ಡಿಗ್ರಿ. ಅಮ್ಮನ ಕೋಣೆಯ ಏಸಿಯನ್ನು 23ಕ್ಕೆ ಇಟ್ಟಿರಿ ಎಂದುಕೊಳ್ಳಿ. ಹೊರಗಿನಿಂದ ಗೋಡೆಯೊಳಕ್ಕೆ ಹೊಕ್ಕ ಆವಿ ಉಣ್ಣೆಯನ್ನು ದಾಟಿ ಬಂದು ಆ ತಣ್ಣನೆಯ ಪ್ಲಾಸ್ಟಿಕ್ಕಿನ ಬೆನ್ನ ಮೇಲೆ, ಐಸ್ ಹಾಕಿದ ಲೋಟದ ಹೊರಮೈಯ ಹಾಗೆ, ನೀರಾಗಿ ಇಳಿಯುತ್ತದೆ. ಹೆಂಗಸರೋ ಗಂಡಸರೋ ಯಾರೂ ನೋಡದ ಜಾಗದಲ್ಲಿ ದಿನವೂ ಇದು ನಡೆದರೆ ಮರ ಎಷ್ಟು ವರ್ಷ ತಾಳೀತು?

ಇಲ್ಲಿ ಆಮೇಲೆ ಬಂದ ನಿಯಮ ಸರಳವಾಗಿದೆ. ಹೊರಗಿನ ಹಲಗೆಯನ್ನು ಗೋಡೆಗೆ ನೇರವಾಗಿ ಹೊಡೆಯದೆ, ಲಂಬವಾದ ಪಟ್ಟಿಗಳ ಮೇಲೆ ಸುಮಾರು 10 ಮಿಲಿಮೀಟರಿನಷ್ಟಾದರೂ ಅಂತರದಲ್ಲಿ ನಿಲ್ಲಿಸುತ್ತಾರೆ. ಹಲಗೆಯನ್ನು ದಾಟಿ ಬಂದ ನೀರು ಆ ಸಂದಿಯಲ್ಲಿ ಕೆಳಗಿಳಿದು ಹೋಗುತ್ತದೆ, ಗಾಳಿ ಆಡಿ ಹಲಗೆಯ ಬೆನ್ನು ಒಣಗುತ್ತದೆ. ಗೋಡೆ ಎಷ್ಟು ಶಾಖ ತಡೆಯುತ್ತದೆ ಎಂದು ಕೇಳುವ ಮೊದಲು, ಒದ್ದೆಯಾದರೆ ಯಾವ ಕಡೆಗೆ ಒಣಗುತ್ತದೆ ಎಂದು ಕೇಳಿ.

ಶಿರಸಿಯ ಮರಗೆಲಸದವರು

ಮೇಲಿನವರು ಹೇಳಿದ್ದನ್ನು ಓದುವಾಗ ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಪಡುವಣ ದಿಕ್ಕಿನ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ನೆನಪಾಯಿತು. ತಟ್ಟಿಯನ್ನು ಗೋಡೆಗೆ ತಾಗಿಸಿ ಕಟ್ಟುವುದಿಲ್ಲ, ಸ್ವಲ್ಪ ದೂರ ಬಿಟ್ಟೇ ಕಟ್ಟುವುದು. ಕೆಲಸ ಒಂದೇ. ಆದರೆ ತಟ್ಟಿಯನ್ನು ವರ್ಷವೂ ಹೊಸದಾಗಿ ಕಟ್ಟುವ ಜನ ಮನೆಯಲ್ಲಿದ್ದರು ಎಂಬುದನ್ನು ಮರೆಯಬಾರದು. ನಿಮ್ಮ ಮನೆಯಲ್ಲಿ ಅದನ್ನು ಶಾಶ್ವತವಾದ ಹಲಗೆಯಲ್ಲೇ ಮಾಡಿಕೊಳ್ಳಿ.

ಮರದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಹಲಸು ಮತ್ತು ಸಿಲ್ವರ್ ಓಕ್ ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಬೇಡಿ. ಹಲಸಿನ ಹಳದಿ ಚೇಗು ಗಟ್ಟಿ, ಒರಲೆ ಅದಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಅದರ ಸುತ್ತಲಿನ ಬಿಳಿ ಮರವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಕೊಯ್ದು ತೆಗೆಯಬೇಕು. ಅಳತೆ ಕಡಿಮೆಯಾಗುತ್ತದೆ ಎಂದು ಒಂದು ಅಂಚಿನಲ್ಲಿ ಉಳಿಸಿಕೊಂಡರೂ ಕುಟ್ಟೆ ಹುಳ ಅಲ್ಲಿಂದಲೇ ಶುರುಮಾಡುತ್ತದೆ. ಕಂಬ, ತೊಲೆ, ಹೊಸ್ತಿಲು ಹಲಸಿನದಾಗಲಿ. ಸಿಲ್ವರ್ ಓಕ್ ಬೇಗ ಬೆಳೆಯುವ ಮರ, ಕೆಲಸಕ್ಕೆ ಚೆನ್ನಾಗಿ ಬಾಗುತ್ತದೆ, ಅದರ ಕಣ್ಣುಗಳ ವಿನ್ಯಾಸ ನೋಡಲು ಬಹಳ ಚೆಂದ. ಆದರೆ ತಾನಾಗಿ ಬಾಳಿಕೆ ಬರುವುದಿಲ್ಲ. ಹಸಿಯಾಗಿ ಕೊಯ್ದ ಕೂಡಲೇ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ದ್ರಾವಣದಲ್ಲಿ ನೆನೆಸಿ, ಒತ್ತಾಗಿ ಪೇರಿಸಿ, ಟಾರ್ಪಾಲಿನಲ್ಲಿ ಸುತ್ತಿ ಕೆಲವು ವಾರ ಇಟ್ಟರೆ ಔಷಧಿ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಬ್ರಷ್ಷಿನಲ್ಲಿ ಬಳಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಈ ಔಷಧಿ ಮಳೆನೀರಿಗೆ ತೊಳೆದುಹೋಗುವಂಥದ್ದು, ಹಾಗಾಗಿ ಸಿಲ್ವರ್ ಓಕನ್ನು ಒಳಗಿನ ಹಲಗೆ, ಮುಚ್ಚಿಗೆ ಮತ್ತು ಗೋಡೆಯ ನಡುವಿನ ಪಟ್ಟಿಗಳಿಗೆ ಮಾತ್ರ ಬಳಸಿ. ಹೆಚ್ಚಿನ ವಿವರ ಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನು ಕೇಳಬಹುದು.

ಸಿಲ್ವರ್ ಓಕ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಾಗಿದ್ದರೂ ಲಾರಿಗೆ ಹೇರುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಮಾತನಾಡಿಕೊಳ್ಳಿ.

ಕಂಬದ ಬುಡದ ಬಗ್ಗೆ ಒಂದು ಮಾತು. ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ನಮ್ಮ ತಂದೆಯವರು ಕಟ್ಟಿದ ಜಗಲಿಯಲ್ಲಿ ಕಂಬಗಳು ಒಂದು ಮೊಳ ಎತ್ತರದ ಕಲ್ಲಿನ ಮೇಲೆ ಕೂತಿವೆ, ಕಲ್ಲಿನ ತಲೆಯನ್ನು ನೀರು ಹರಿದುಹೋಗುವಂತೆ ಸುತ್ತಲೂ ಸ್ವಲ್ಪ ಇಳಿಜಾರು ಕಡೆದಿದ್ದಾರೆ. ಒರಲೆ ಕಲ್ಲನ್ನು ಹತ್ತುವುದಿಲ್ಲ ಎಂದಲ್ಲ, ಹತ್ತುತ್ತದೆ. ಆದರೆ ಹತ್ತುವಾಗ ಅದು ಕಟ್ಟುವ ಮಣ್ಣಿನ ದಾರಿ ಬಿಳಿ ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಅಮ್ಮ ಬೆಳಿಗ್ಗೆ ಜಗಲಿ ಗುಡಿಸುವಾಗ ಅದನ್ನು ಪೊರಕೆಯಲ್ಲೇ ಕೆಡವುತ್ತಿದ್ದರು.

ಉಡುಪಿಯ ಓದುಗ

ಪ್ಲಾಸ್ಟಿಕ್ ಹಾಳೆಯ ವಿಚಾರಕ್ಕೆ ನನ್ನದೂ ಒಂದು ಸಾಕ್ಷಿ. ನಮ್ಮ ಮನೆಯ ಮೇಲ್ಮಹಡಿಯಲ್ಲಿ ಮರದ ಚೌಕಟ್ಟಿನ ಒಂದು ಕೋಣೆಯನ್ನು ಗುತ್ತಿಗೆದಾರರೊಬ್ಬರು ಬಹುತೇಕ ನಿಮ್ಮ ನಕ್ಷೆಯಂತೆಯೇ ಕಟ್ಟಿಕೊಟ್ಟಿದ್ದರು. ಮೂರನೆಯ ಬೇಸಿಗೆಯಲ್ಲಿ ಏಸಿ ಹಾಕಿದಾಗಲೆಲ್ಲ ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತು. ಏಸಿಯದ್ದೇ ದೋಷವೆಂದು ಎರಡು ಬಾರಿ ಸರ್ವಿಸ್ ಮಾಡಿಸಿದೆವು. ಕೊನೆಗೆ ಸ್ವಿಚ್ ಬೋರ್ಡ್ ಬದಲಿಸಲು ಪ್ಲೈವುಡ್ ಬಿಚ್ಚಿದಾಗ ಹಾಳೆಯ ಹಿಂದೆ ನೀರಿನ ಹನಿಗಳ ಸಾಲು, ಉಣ್ಣೆಯ ಕೆಳಭಾಗವೆಲ್ಲ ಕುಸಿದು ಮುದ್ದೆಯಾಗಿತ್ತು. ಹಾಳೆಯನ್ನು ಪೂರ್ತಿ ತೆಗೆಸಿ, ಪ್ಲೈವುಡ್ ಬದಲಿಗೆ ಬರಿಯ ಹಲಗೆ ಹೊಡೆಸಿದ ಮೇಲೆ ವಾಸನೆ ಹೋಯಿತು.

ಒಂದು ಅನುಮಾನವಿದೆ. ಹಾಳೆ ಇಲ್ಲದಿದ್ದರೆ ಹೊರಗಿನ ತೇವದ ಗಾಳಿ ಒಳಬಂದು ಏಸಿಯ ಖರ್ಚು ಹೆಚ್ಚುವುದಿಲ್ಲವೇ?

ಬೆಂಗಳೂರಿನ ಸ್ಟ್ರಕ್ಚರಲ್ ಇಂಜಿನಿಯರ್

ಹೆಚ್ಚುತ್ತದೆ, ಆದ್ದರಿಂದ ಗಾಳಿಯನ್ನು ತಡೆಯಬೇಕು, ಆದರೆ ಹೊರಬದಿಯಲ್ಲಿ. ಉಣ್ಣೆಯ ಹೊರಗೆ ಪ್ಲೈವುಡ್ ಅಥವಾ ಬೋರ್ಡ್ ಹೊಡೆದು, ಅದರ ಕೀಲುಗಳಿಗೆಲ್ಲ ಟೇಪ್ ಹಚ್ಚಿ, ಮೇಲೆ ಮಳೆನೀರನ್ನು ತಡೆಯುವ ಪೊರೆ ಹೊದಿಸಿ, ಆಮೇಲೆ ಪಟ್ಟಿ ಮತ್ತು ಹೊರಹಲಗೆ. ಒಳಮುಖವನ್ನು ಆವಿ ದಾಟಬಲ್ಲ ಹಲಗೆಯಲ್ಲೋ ಸುಣ್ಣದ ಗಾರೆಯಲ್ಲೋ ಮುಗಿಸಿ. ಹಾಗೆ ಮಾಡಿದರೆ ಗೋಡೆ ಹೊರಗಿನ ಗಾಳಿಯನ್ನು ಒಳಬಿಡುವುದಿಲ್ಲ, ಹೇಗೋ ಒದ್ದೆಯಾದರೂ ಒಳಗಡೆಗೆ ಒಣಗುತ್ತದೆ.

ಆದರೆ ಇದೆಲ್ಲ ಏಸಿ ಇರುವ ಆ ಒಂದು ಕೋಣೆಗೆ ಮಾತ್ರ. ಹೆಬ್ರಿಯವರು ಮೊದಲು ನಿರ್ಧರಿಸಬೇಕಾದದ್ದು ಮನೆ ತೆರೆದದ್ದೋ ಮುಚ್ಚಿದ್ದೋ ಎಂಬುದನ್ನು. ಕಿಟಕಿ ತೆರೆದೇ ಇರುವ ಕೋಣೆಯ ಗೋಡೆಗೆ ನಾಲ್ಕಿಂಚು ಉಣ್ಣೆ ತುಂಬುವುದು ಹಣ ವ್ಯರ್ಥ. ಅಲ್ಲಿ ನೆರಳು ಮತ್ತು ಎದುರುಬದುರು ಕಿಟಕಿಯ ಗಾಳಿ ಮಾಡುವ ಕೆಲಸವನ್ನು ಉಣ್ಣೆ ಮಾಡಲಾರದು. ಜರ್ಮನಿಯ ಪ್ಯಾಸಿವ್ ಹೌಸ್ ಪದ್ಧತಿಯಲ್ಲಿ 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮನೆಯೊಳಗಿನ ಒಟ್ಟು ಗಾಳಿಯ 0.6 ಪಾಲಿಗಿಂತ ಹೆಚ್ಚು ಸೋರಬಾರದೆಂಬ ನಿಯಮವಿದೆ. ಅದು ಇಡೀ ಮನೆಯನ್ನು ಯಂತ್ರದ ಗಾಳಿಯಲ್ಲಿ ನಡೆಸುವವರಿಗೆ. ನಿಮ್ಮ ಮನೆಯ ಮುಕ್ಕಾಲು ಭಾಗಕ್ಕೆ ಅದರ ಅಗತ್ಯವೇ ಇಲ್ಲ. ಆ ಹಣವನ್ನು ಛಾವಣಿಗೆ ಹಾಕಿ.

ಕಲಬುರಗಿಯಿಂದ

ನಮ್ಮ ಕಡೆಯೂ ಇಂಥ ಮನೆ ಕಟ್ಟಬಹುದೇ? ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ.

ಬೆಂಗಳೂರಿನ ಸ್ಟ್ರಕ್ಚರಲ್ ಇಂಜಿನಿಯರ್

ಕಟ್ಟಬಹುದು, ಆದರೆ ನಾನು ಸಲಹೆ ಮಾಡುವುದಿಲ್ಲ. ನಿಮ್ಮಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ದೊಡ್ಡದು; ದಪ್ಪ ಕಲ್ಲಿನ ಗೋಡೆ ಹಗಲಿನ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಟ್ಟು ತಡವಾಗಿ ಒಳಬಿಡುತ್ತದೆ, ರಾತ್ರಿ ಕಿಟಕಿ ತೆರೆದರೆ ತಣಿಯುತ್ತದೆ. ಮರದ ಗೋಡೆಗೆ ಆ ತೂಕವಿಲ್ಲ. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಇರುವುದರಿಂದ ಬಿಸಿಯನ್ನು ಹಿಡಿದಿಡದ ಹಗುರ ಗೋಡೆಯೇ ಅಲ್ಲಿ ಅನುಕೂಲ, ಮಲಗುವ ಹೊತ್ತಿಗೆ ಬೇಗ ತಣ್ಣಗಾಗುತ್ತದೆ. ಶಹಾಬಾದಿನ ಕಲ್ಲು ಮನೆಯ ಹಿತ್ತಿಲಲ್ಲೇ ಇರುವಾಗ ನೀವು ಮರಕ್ಕೆ ಹೋಗುವುದೇಕೆ?

ಮಡಿಕೇರಿಯ ನಿವಾಸಿ

ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಮರದ ಮನೆಯನ್ನು ಕಟ್ಟುವವರು ಉತ್ಸಾಹದಲ್ಲಿ ಕಟ್ಟುತ್ತಾರೆ, ನೋಡಿಕೊಳ್ಳುವವರು ಯಾರೆಂದು ಯೋಚಿಸುವುದಿಲ್ಲ. ನಮ್ಮ ಮನೆಯ ಮರದ ಹೊರಹಲಗೆಗೆ ಎರಡು ಮೂರು ವರ್ಷಕ್ಕೊಮ್ಮೆ ಎಣ್ಣೆ ಹಚ್ಚಬೇಕು, ಮಳೆಗಾಲ ಮುಗಿದ ಮೇಲೆ ಪ್ರತಿ ಕಂಬದ ಬುಡವನ್ನೂ ಕುಟ್ಟಿ ಶಬ್ದ ಕೇಳಬೇಕು. ಮಕ್ಕಳು ಊರಿನಲ್ಲಿಲ್ಲ, ನನಗೆ ಎಪ್ಪತ್ತಾಗುತ್ತಾ ಬಂತು. ಜುಲೈ ತಿಂಗಳಲ್ಲಿ ಬಾಗಿಲುಗಳು ಉಬ್ಬಿ ಮುಚ್ಚುವುದಿಲ್ಲ, ಜನವರಿಯಲ್ಲಿ ಹಲಗೆಗಳ ನಡುವೆ ಸಂದಿ ಬಿಡುತ್ತದೆ. ಹೆಬ್ರಿಯವರು ಮಕ್ಕಳ ಕಾಲಕ್ಕೂ ಉಳಿಯಬೇಕು ಎಂದಿದ್ದಾರೆ. ಮಕ್ಕಳು ಆ ಮನೆಯಲ್ಲಿ ಇರುತ್ತಾರೆಯೇ ಎಂದು ಕೇಳಿಕೊಳ್ಳಲಿ.

ಶಿರಸಿಯ ಮರಗೆಲಸದವರು

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಾಗಿಲು ಉಬ್ಬುವುದು ಮಾತ್ರ ಬಹುಪಾಲು ನಮ್ಮಂಥವರ ತಪ್ಪು. ಶೇ 85 ದಾಟುವ ಮಳೆಗಾಲದ ತೇವದಲ್ಲಿ ಮರ ತನ್ನೊಳಗೆ ಶೇ 18ರಷ್ಟು ನೀರನ್ನು ಹಿಡಿಯುತ್ತದೆ, ಬೇಸಿಗೆಯಲ್ಲಿ 11–12ಕ್ಕೆ ಇಳಿಯುತ್ತದೆ. ಫೆಬ್ರವರಿಯಲ್ಲಿ ಬಾಗಿಲನ್ನು ಬಿಗಿಯಾಗಿ ಕೂರಿಸಿಕೊಟ್ಟರೆ ಜುಲೈಯಲ್ಲಿ ಅದು ಹೋಗುವುದೆಲ್ಲಿಗೆ? ತೇವ ಅಳೆಯುವ ಮೀಟರು ಈಗ ಸಣ್ಣ ಊರಿನ ಅಂಗಡಿಗೂ ಬಂದಿದೆ. ಶೇ 20ಕ್ಕಿಂತ ಕೆಳಗಿರುವವರೆಗೆ ಮರಕ್ಕೆ ಕೊಳೆ ಹತ್ತುವ ಭಯವಿಲ್ಲ. ಅದನ್ನು ಕೊಂಡಿಟ್ಟುಕೊಂಡರೆ ಕುಟ್ಟಿ ನೋಡುವ ಕೆಲಸವೂ ಹಗುರವಾಗುತ್ತದೆ.

ಹೆಬ್ರಿಯ ಮನೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮಡಿಕೇರಿಯ ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅದರಿಂದಾಗಿ ನಕ್ಷೆಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ: ಮಳೆ ಹೊಡೆಯುವ ಪಡುವಣ ಮತ್ತು ತೆಂಕಣ ಗೋಡೆಗಳನ್ನು ಮರದಲ್ಲಿ ಮಾಡದೆ ಮುರಕಲ್ಲಿನಲ್ಲೇ ಕಟ್ಟಿ, ಮರದ ಕಂಬಗಳು ಅದರ ಒಳಗಡೆ ಪ್ರತ್ಯೇಕವಾಗಿ, ನಾಲ್ಕೂ ಬದಿ ಕಾಣುವಂತೆ ನಿಲ್ಲುತ್ತವೆ. ಎಣ್ಣೆ ಹಚ್ಚಬೇಕಾದ ಹೊರಮೈ ಅರ್ಧಕ್ಕೆ ಇಳಿಯಿತು. ಸೂರು ನಾಲ್ಕಡಿ ಹೊರಚಾಚುತ್ತದೆ. ಏಸಿಯ ಕೋಣೆಯನ್ನು ಬಡಗು ಮೂಡಣ ಮೂಲೆಗೆ ಒಯ್ದು, ಇಂಜಿನಿಯರರು ಹೇಳಿದ ಪದರಗಳನ್ನು ಅದಕ್ಕಷ್ಟೇ ಇಟ್ಟಿದ್ದೇನೆ. ಉಳಿದ ಗೋಡೆಗಳಲ್ಲಿ ಉಣ್ಣೆಯೂ ಇಲ್ಲ, ಹಾಳೆಯೂ ಇಲ್ಲ, ಹಲಗೆ ಮಾತ್ರ.

ನಿನ್ನೆ ಪೇಟೆಯಿಂದ ಮೀಟರು ತಂದು ಅಟ್ಟದ ಹಲಸನ್ನು ಅಳೆದೆ. ಹಲಗೆಗಳು 14 ತೋರಿಸಿದವು. ತೊಲೆಗೆಂದು ಇಟ್ಟ ದಪ್ಪ ತುಂಡುಗಳ ಹೊರಮೈ 16 ಇದ್ದರೂ, ಒಂದರ ತುದಿಯನ್ನು ಅರ್ಧ ಅಡಿ ಕೊಯ್ದು ನಡುಭಾಗಕ್ಕೆ ಚುಚ್ಚಿದಾಗ 27 ಬಂತು. ಇದು ಈ ಬೇಸಿಗೆಯಲ್ಲಿ ಕೆಲಸಕ್ಕೆ ಬರುತ್ತದೆಯೇ?

ಶಿರಸಿಯ ಮರಗೆಲಸದವರು

ಹಲಗೆ ಬರುತ್ತದೆ, ತೊಲೆ ಬರುವುದಿಲ್ಲ. ಈಗ ಕೂರಿಸಿದರೆ ಒಣಗುತ್ತಾ ತಿರುಚಿಕೊಂಡು ಕೂಡುಗಳು ಸಡಿಲಾಗುತ್ತವೆ. ತುಂಡುಗಳ ಎರಡೂ ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು, ನಡುನಡುವೆ ಒಂದಿಂಚಿನ ರೀಪು ಕೊಟ್ಟು ಮತ್ತೆ ಪೇರಿಸಿ. ಇನ್ನೊಂದು ಮಳೆಗಾಲ ಕಳೆಯಲಿ. ಈ ವರ್ಷ ಪಾಯ, ಕಂಬದ ಕಲ್ಲು ಮತ್ತು ಮುರಕಲ್ಲಿನ ಗೋಡೆಗಳನ್ನು ಮುಗಿಸಿಕೊಳ್ಳಿ. ಮುಂದಿನ ಜನವರಿಯಲ್ಲಿ ಮತ್ತೆ ಒಂದು ತುದಿ ಕೊಯ್ದು ಅಳೆದು, ಎಷ್ಟು ಬಂತೆಂದು ಇಲ್ಲೇ ಬರೆಯಿರಿ.